ಚಕ್ಕಳಮಕ್ಕಳ ಹೆಣಿಗೆ

ಮಾಗಡಿಯ ಕೋಟೆಯ ಹಿಂದಿನ ಬೀದಿಯಲ್ಲಿ ಹುಟ್ಟಿದ ಯಾವ ಕೂಸೂ ಕಾವೇರಮ್ಮನವರು ಹೆಣೆದ ಕುಲಾವಿಯನ್ನು ಧರಿಸದೆ ತೊಟ್ಟಿಲೇರಿದ್ದಿಲ್ಲ. ಇದನ್ನು ಯಾವ ಶಾಸ್ತ್ರವೂ ವಿಧಿಸಿರಲಿಲ್ಲ, ಯಾವ ಪುರೋಹಿತರೂ ಹೇಳಿಕೊಟ್ಟಿರಲಿಲ್ಲ. ಆದರೂ ನಾಮಕರಣದ ದಿನ, ಕಿವಿ ಮುಚ್ಚುವ ಎರಡು ಎಲೆಗಳೂ ಗದ್ದದ ಕೆಳಗೆ ಕಟ್ಟುವ ಎರಡು ದಾರಗಳೂ ಇರುವ ಆ ಪುಟ್ಟ ಉಣ್ಣೆಯ ಟೋಪಿ ಅರಿಶಿನ ಕುಂಕುಮದ ತಟ್ಟೆಯ ಪಕ್ಕದಲ್ಲಿ ಕಾಣಿಸದಿದ್ದರೆ ಬೀದಿಯ ಹೆಂಗಸರಿಗೆ ಏನನ್ನೋ ಮರೆತ ಹಾಗೆ ಕಸಿವಿಸಿಯಾಗುತ್ತಿತ್ತು. ಹೊರಗೆ ಬಂಡೆಗಳು ಕಾದು ಬಿಸಿಲು ಕುದಿಯುತ್ತಿದ್ದರೂ ಸರಿಯೇ, ಕೂಸಿನ ಕಿವಿಗೆ ಗಾಳಿ ಹೋಗಬಾರದು. ಮಾಗಡಿಯ ಗಾಳಿಗೆ ಬೇರೆ ಕೆಲಸವೇ ಇಲ್ಲ, ಅದು ಹಸುಗೂಸುಗಳ ಕಿವಿಯನ್ನೇ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತದೆ ಎಂಬುದು ಅಲ್ಲಿನ ಅಜ್ಜಿಯರ ದೃಢವಾದ ತಿಳಿವಳಿಕೆ.

ಕಾವೇರಮ್ಮನವರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತರಾದವರು. ಊರಿನ ನಡುವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಅವರ ಹೆಣಿಗೆಕಡ್ಡಿಯಿಂದ ಬೆರಳ ಗಿಣ್ಣಿಗೆ ಏಟು ತಿಂದವರೇ. ತಿಂದದ್ದನ್ನು ಅವರಾರೂ ಮರೆತಿರಲಿಲ್ಲ. ಮರೆತಿಲ್ಲವೆಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಲೂ ಇದ್ದರು. ಏಟಿನ ಜೊತೆಗೆ ಅವರು ಕಲಿತದ್ದು ಒಂದು ವಿಶಿಷ್ಟವಾದ ಹೆಣಿಗೆ. ಬೇರೆ ಊರಿನವರು ನೂಲನ್ನು ಕಡ್ಡಿಗೆ ಯಾವ ಕಡೆಯಿಂದ ಸುತ್ತುತ್ತಾರೋ ಕಾವೇರಮ್ಮನವರು ಅದರ ಎದುರು ಕಡೆಯಿಂದ ಸುತ್ತುತ್ತಿದ್ದರು. ಅದರಿಂದಾಗಿ ಒಂದೊಂದು ಕುಣಿಕೆಯೂ ಕಾಲುಗಳನ್ನು ನೆಟ್ಟಗೆ ಊರದೆ, ಒಂದರ ಮೇಲೊಂದು ಹಾಕಿಕೊಂಡು, ಪಂಕ್ತಿಯ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತವರ ಹಾಗೆ ಸಾಲುಸಾಲಾಗಿ ಕೂರುತ್ತಿತ್ತು. ಬಟ್ಟೆ ತುಸು ಬಿಗಿಯಾಗುತ್ತಿತ್ತು, ತುಸು ಓರೆಯಾಗುತ್ತಿತ್ತು; ಮೇಲೆ ಬೆರಳಾಡಿಸಿದರೆ ಒಣಗಿದ ರಾಗಿ ತೆನೆಯನ್ನು ಸವರಿದಂತಿರುತ್ತಿತ್ತು. ಮಾಗಡಿಯಲ್ಲಿ ಅದಕ್ಕೆ ಚಕ್ಕಳಮಕ್ಕಳ ಹೆಣಿಗೆ ಎಂದೇ ಹೆಸರು. ಒಮ್ಮೆ ಪರೀಕ್ಷೆ ನಡೆಸಲು ಹೊರಗಿನಿಂದ ಬಂದಿದ್ದ ಮಹಿಳೆಯೊಬ್ಬರು ಮಕ್ಕಳ ಕೈಕೆಲಸವನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿ, ಇಡೀ ತರಗತಿಯೇ ಹೀಗೆ ಮಾಡಿರುವುದು ಹೇಗೆ ಎಂದು ಹುಬ್ಬೇರಿಸಿದಾಗ, ಕಾವೇರಮ್ಮನವರು ಅದನ್ನು ಮೆಚ್ಚುಗೆಯೆಂದೇ ಸ್ವೀಕರಿಸಿ ಆಕೆಗೆ ಕಾಫಿ ತರಿಸಿದ್ದರು.

ಇಂಥ ಕಾವೇರಮ್ಮನವರ ಬಾಯಿಂದ ಹೋದ ವರ್ಷ ಒಂದು ಮಾತು ಜಾರಿತ್ತು. ಅವರ ಹಳೆಯ ಶಿಷ್ಯೆಯರಲ್ಲಿ ಅಮೀರುನ್ನೀಸಾ ಎಂಬಾಕೆ ಮಾಗಡಿಯಲ್ಲೇ ಹುಟ್ಟಿ ಬೆಳೆದು, ಚನ್ನಪಟ್ಟಣದ ಬೊಂಬೆ ಮಾಡುವ ಮನೆಗೆ ಸೊಸೆಯಾಗಿ ಹೋಗಿ, ಈಗ ತಾನೇ ಅತ್ತೆಯಾಗಿದ್ದವಳು. ಅವಳ ಸೊಸೆ ಸಾನಾ ಫೋನಿನಲ್ಲಿ ನೋಡಿ ಒಂದು ಹೆಣಿಗೆಯಂತ್ರವನ್ನು ತರಿಸಿದ್ದಳು. ಬೋಗುಣಿಯಗಲದ ಒಂದು ಪ್ಲಾಸ್ಟಿಕ್ ಬಳೆ, ಅದರ ಸುತ್ತಲೂ ಕೊಕ್ಕೆಗಳು, ಪಕ್ಕದಲ್ಲೊಂದು ಹಿಡಿ. ಹಿಡಿಯನ್ನು ತಿರುಗಿಸಿದರೆ ಕೊಕ್ಕೆಗಳು ಒಂದರ ಹಿಂದೊಂದು ತಲೆಬಾಗಿ ನೂಲನ್ನು ಕಚ್ಚಿಕೊಂಡು ಏಳುತ್ತವೆ. ನಡುವಿನ ತೂತಿನಿಂದ ಚೀಲದಂಥ ಹೆಣಿಗೆ ಕೆಳಕ್ಕೆ ಇಳಿಯುತ್ತದೆ. ಅತ್ತೆ ಸೊಸೆಯರು ಅದರಲ್ಲಿ ಮರದ ಬೊಂಬೆಗಳಿಗೆ ಟೋಪಿ ಮಾಡಿ ತೊಡಿಸಿ ಹೆದ್ದಾರಿಯ ಅಂಗಡಿಗಳಿಗೆ ಕೊಡುತ್ತಿದ್ದರು. ಗುರುಗಳು ನೋಡಿ ಸಂತೋಷಪಡಲಿ ಎಂದು ಅಮೀರುನ್ನೀಸಾ ಟೋಪಿ ತೊಟ್ಟ ಬೊಂಬೆಯೊಂದನ್ನು ಮದುವೆಮನೆಯೊಂದಕ್ಕೆ ತಂದು, ನಾಲ್ಕು ಜನರ ನಡುವೆ ಅವರ ಕೈಗಿಟ್ಟಿದ್ದಳು. ಕಾವೇರಮ್ಮನವರು ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ನೋಡಿ ತೀರ್ಪು ಕೊಟ್ಟಿದ್ದರು:

"ಇದು ಹೆಣಿಗೆ ಅಲ್ಲ ಕಣಮ್ಮ, ರಾಗಿ ಗಿರಣಿ. ಮೇಲೆ ನೂಲು ಸುರಿದ್ರೆ ಕೆಳಗೆ ಟೋಪಿ ಉದುರ್ತದೆ."

ಎಲ್ಲರೂ ನಕ್ಕರು. ಅಮೀರುನ್ನೀಸಾಳೂ ನಕ್ಕು, ಬೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟುಕೊಂಡಳು. ಅಂದಿನಿಂದ ಆ ಯಂತ್ರಕ್ಕೆ ಮಾಗಡಿಯಲ್ಲೂ ಚನ್ನಪಟ್ಟಣದಲ್ಲೂ ಗಿರಣಿ ಎಂಬ ಹೆಸರೇ ಸ್ಥಿರವಾಯಿತು.

ಆ ಮಾತನ್ನಾಡಿದ ವರ್ಷ ತುಂಬುವುದರೊಳಗೆ ಕಾವೇರಮ್ಮನವರ ಬೆರಳುಗಳು ಅವರ ಮಾತು ಕೇಳುವುದನ್ನು ಬಿಟ್ಟವು. ಗಿಣ್ಣುಗಳು ಊದಿಕೊಂಡು ಹಸಿ ಶುಂಠಿಯ ಕೊಂಬುಗಳಂತಾದವು. ವೈದ್ಯರು ಮಾತ್ರೆ ಕೊಟ್ಟು, ಇದು ವಯಸ್ಸಿನದು ಎಂದರು. ವಯಸ್ಸಿನ ವಿಷಯವನ್ನು ತಾವು ಕೇಳಿರಲಿಲ್ಲವೆಂದು ಕಾವೇರಮ್ಮನವರು ಎದ್ದು ಬಂದರು. ಅದೇ ಹೊತ್ತಿಗೆ ಪಕ್ಕದ ಮನೆಯ ನಾಗರಾಜು, ಪುಟ್ಟಗೌರಮ್ಮ ದಂಪತಿಗಳ ಮಗಳು ಸೌಮ್ಯ ತವರಿಗೆ ಬಂದು ಹೆಣ್ಣುಕೂಸನ್ನು ಹೆತ್ತಳು. ನಾಮಕರಣದ ದಿನ ಗೊತ್ತಾಯಿತು. ಪುಟ್ಟಗೌರಮ್ಮ ಗೋಡೆಯಾಚೆಯಿಂದ ಕತ್ತು ಚಾಚಿ, ಕುಲಾವಿಗೆ ಹಳದಿ ನೂಲೇ ಇರಲಿ ಟೀಚರಮ್ಮ ಎಂದು ಹೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಕಾಯುವ ಅಗತ್ಯ ಅವಳಿಗೆ ಕಾಣಲಿಲ್ಲ.

ಕಾವೇರಮ್ಮನವರು ಅಂದೇ ಕಡ್ಡಿ ಹಿಡಿದು ಕುಳಿತರು. ಕಡ್ಡಿ ಜಾರಿ ನೆಲಕ್ಕೆ ಬೀಳುವುದು, ಅವರು ಬಗ್ಗಿ ಎತ್ತಿಕೊಳ್ಳುವುದು, ಅಷ್ಟರಲ್ಲಿ ಕುಣಿಕೆಗಳು ಬಿಚ್ಚಿಹೋಗುವುದು, ಇದೇ ನಡೆಯಿತು. ಸಂಜೆಯ ಹೊತ್ತಿಗೆ ಸಿದ್ಧವಾದ ಹೆಣಿಗೆ ಒಂದು ನಿಂಬೆಹಣ್ಣಿಗೆ ಸರಿಹೋಗುವಂತಿತ್ತು. ತಮ್ಮಿಂದ ಆಗುವುದಿಲ್ಲವೆಂದು ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಪುಟ್ಟಗೌರಮ್ಮ ಏನೆನ್ನುತ್ತಾಳೆಂಬುದು ಅವರಿಗೆ ಅಕ್ಷರಶಃ ಗೊತ್ತಿತ್ತು. ಬುಡಿ ಟೀಚರಮ್ಮ, ನಾನೇ ಹೆಣ್ಕೋತೀನಿ, ನೀವು ಒಸಿ ಮುಟ್ಟಿ ಕೊಟ್ರೆ ಸಾಕು ಎನ್ನುತ್ತಾಳೆ. ಬೈಗುಳವನ್ನಾದರೂ ಸಹಿಸಬಹುದು, ಆ ವಿನಯವನ್ನು ಸಹಿಸುವುದು ಹೇಗೆ? ಇಂದು ಕುಲಾವಿಯನ್ನು ಮುಟ್ಟಿ ಕೊಡುವ ಮುದುಕಿಯಾದರೆ ನಾಳೆ ಬೀದಿಯಲ್ಲಿ ತಾವು ಬರಿಯ ಒಬ್ಬ ಮುದುಕಿ.

ಮರುದಿನ ಬೆಳಗ್ಗೆ ಅವರು ಇಸ್ತ್ರಿಯ ಸೀರೆಯುಟ್ಟು ಚೀಲ ಹಿಡಿದು ಹೊರಟಾಗ, ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದ ಪತಿ ಹನುಮಂತಯ್ಯನವರು ಎಲ್ಲಿಗೆಂದು ಕೇಳಿದರು. ಚನ್ನಪಟ್ಟಣಕ್ಕೆ, ಅಮೀರುನ್ನೀಸಾಳ ಆರೋಗ್ಯ ವಿಚಾರಿಸಲು ಎಂಬ ಉತ್ತರ ಬಂತು.

"ಅವಳಿಗೇನಾಗೈತೆ?"

"ಏನೂ ಆಗಿಲ್ಲ. ಅದನ್ನೇ ನೋಡ್ಕೊಂಡು ಬತ್ತೀನಿ."

ಹನುಮಂತಯ್ಯನವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು. ಸಂಸಾರದ ಸುದೀರ್ಘ ಅನುಭವದಲ್ಲಿ ಅವರು ನಗುವುದಕ್ಕೆ ಕಂಡುಕೊಂಡಿದ್ದ ಸುರಕ್ಷಿತ ಸ್ಥಳ ಅದೊಂದೇ.

ಬಸ್ಸು ಸಾವನದುರ್ಗದ ಬಂಡೆಯನ್ನು ಒಂದಷ್ಟು ದೂರ ಕಿಟಕಿಯಲ್ಲೇ ಇಟ್ಟುಕೊಂಡು ಸಾಗಿತು. ರಾಮನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದಾಗಲೂ, ಮಾತನ್ನು ಎಲ್ಲಿಂದ ಎತ್ತಬೇಕೆಂಬುದು ಕಾವೇರಮ್ಮನವರಿಗೆ ಹೊಳೆದಿರಲಿಲ್ಲ. ಅಮೀರುನ್ನೀಸಾಳ ಮನೆಯ ಮುಂದೆ ಬೊಂಬೆಗೆಂದು ಕಡೆದ ಹಾಲೆಮರದ ಸಿಪ್ಪೆ ಹರಡಿತ್ತು, ಒಳಗಿನಿಂದ ಕಾದ ಅರಗಿನ ವಾಸನೆ ಬರುತ್ತಿತ್ತು. ಶಿಷ್ಯೆ ಓಡಿಬಂದು ಕೈಹಿಡಿದು ಕೂರಿಸಿದಳು, ಟೀ ಕೊಟ್ಟಳು, ಬಿಸ್ಕತ್ತು ಕೊಟ್ಟಳು. ಗುರುಗಳು ಬಿಸಿಲಿನ ಬಗ್ಗೆ ಮಾತಾಡಿದರು, ಹೆದ್ದಾರಿಯ ಬಗ್ಗೆ ಮಾತಾಡಿದರು, ಬೊಂಬೆಗಳ ಬಣ್ಣ ಮೊದಲಿನಂತಿಲ್ಲ ಎಂದರು, ಮರುಕ್ಷಣವೇ ಮೊದಲಿಗಿಂತ ಚೆನ್ನಾಗಿದೆ ಎಂದರು. ಅಮೀರುನ್ನೀಸಾ ಎಲ್ಲಕ್ಕೂ ತಲೆದೂಗುತ್ತ, ಅವರು ಮಡಿಲಲ್ಲಿ ಇಟ್ಟುಕೊಂಡಿದ್ದ ಬೆರಳುಗಳನ್ನು ನೋಡಿದಳು. ನೋಡಿದ್ದನ್ನು ತೋರಗೊಡಲಿಲ್ಲ.

ಕೊನೆಗೆ ಕಾವೇರಮ್ಮನವರು ಲೋಟವನ್ನು ಕೆಳಗಿಟ್ಟು, ಗೋಡೆಯ ಕಡೆ ನೋಡುತ್ತ, "ಆ ನಿಮ್ಮ ಗಿರಣಿ ಇನ್ನೂ ಬೀಸ್ತಾ ಐತಾ?" ಎಂದರು.

"ಬೀಸ್ತಾ ಐತೆ ಟೀಚರಮ್ಮ. ಯಾಕೆ, ನಿಮ್ಮ ಮನೇಲಿ ರಾಗಿ ಜಾಸ್ತಿ ಆಗೈತಾ?"

ಅಷ್ಟೇ. ಅವಳು ಯಂತ್ರವನ್ನು ತಂದು ಮುಂದಿಡಲು ಸೊಸೆಗೆ ಹೇಳಿದಳು. ಸಾನಾ ಚುರುಕಾದ ಹುಡುಗಿ. ನೂಲಿಗೆ ಮೇಣದಬತ್ತಿ ಸವರಿ ನುಣುಪು ಮಾಡಿಕೊಳ್ಳಬೇಕು; ಮೊದಲು ಬೇಡದ ನೂಲಿನಿಂದ ಕೆಲವು ಸುತ್ತು ಹಾಕಬೇಕು; ಇಳಿದುಬರುವ ಹೆಣಿಗೆಯ ತುದಿಗೆ ಏನಾದರೂ ಭಾರ ಕಟ್ಟಬೇಕು; ಹಿಡಿಯನ್ನು ಒಂದೇ ಹದದಲ್ಲಿ ತಿರುಗಿಸಬೇಕು; ಎಂಥದೇ ಆಪತ್ತು ಬಂದರೂ ಹಿಂದಕ್ಕೆ ತಿರುಗಿಸಬಾರದು. ಇಷ್ಟನ್ನೂ ಅವಳು ಮಾಡಿ ತೋರಿಸಿದಳು. ಕಲಿಸುವುದನ್ನೇ ಕಸುಬು ಮಾಡಿಕೊಂಡಿದ್ದ ಕಾವೇರಮ್ಮನವರಿಗೆ ಕಲಿಯುವ ಅಭ್ಯಾಸ ತಪ್ಪಿಹೋಗಿತ್ತು. ಅವರು ಪ್ರತಿ ಮಾತಿಗೂ ಗೊತ್ತು ಗೊತ್ತು ಎನ್ನುತ್ತಿದ್ದರು.

ಅಳತೆಗೆಂದು ಅವರು ತಂದಿದ್ದ ಹಳೆಯ ಕುಲಾವಿಯೊಂದನ್ನು ಸಾನಾ ಕೈಗೆತ್ತಿಕೊಂಡಾಗ ಅನಾಹುತವಾಯಿತು. ಹುಡುಗಿ ಅದನ್ನು ಬೆಳಕಿಗೆ ಹಿಡಿದು, ಕುಣಿಕೆಯೆಲ್ಲಾ ತಿರುಚ್ಕೊಂಡವಲ್ಲ ಟೀಚರಮ್ಮ, ನೂಲು ಉಲ್ಟಾ ಸುತ್ತಿದ್ರೆ ಹಿಂಗಾಗ್ತದಂತೆ, ಹೊಸದಾಗಿ ಕಲಿಯೋರೆಲ್ಲ ಮಾಡೋ ಮಿಸ್ಟೇಕು ಅಂತ ವಿಡಿಯೋದಲ್ಲಿ ತೋರಿಸ್ತಾರೆ ಎಂದು ನಿಷ್ಕಪಟವಾಗಿ ಹೇಳಿಬಿಟ್ಟಳು. ಅತ್ತೆಯ ಮೊಣಕೈ ಅವಳ ಪಕ್ಕೆಯನ್ನು ಮುಟ್ಟುವ ವೇಳೆಗೆ ಮಾತು ಮುಗಿದಿತ್ತು. ಸಾನಾ ಫೋನನ್ನೂ ತೆರೆದಿದ್ದಳು. ಅದರಲ್ಲಿ ಯಾರೋ ಒಬ್ಬಾಕೆ, ಮಾಗಡಿಯ ಮುಖವನ್ನೇ ಕಂಡಿರದವಳು, ಚಕ್ಕಳಮಕ್ಕಳ ಹೆಣಿಗೆಯ ತುಂಡೊಂದನ್ನು ಹಿಡಿದು, ಬೇಡ ಬೇಡ ಎಂದು ಬೆರಳಾಡಿಸುತ್ತಿದ್ದಳು.

ಕಾವೇರಮ್ಮನವರು ಕೆಮ್ಮಿದರು. ಬಿಸ್ಕತ್ತಿನ ಪುಡಿ ಗಂಟಲಿಗೆ ಸಿಕ್ಕಿತೆಂದರು. ಬಿಸ್ಕತ್ತು ತಟ್ಟೆಯಲ್ಲಿ ಮುಟ್ಟದೆಯೇ ಇತ್ತು. ಬಸ್ಸಿನವರೆಗೆ ಯಂತ್ರವಿದ್ದ ಚೀಲ ಹೊತ್ತು ಬಂದ ಅಮೀರುನ್ನೀಸಾ, ಆ ಹುಡುಗಿಗೆ ಏನು ಗೊತ್ತು, ನನ್ನ ಕೈ ಇವತ್ತಿಗೂ ಹಂಗೇ ಸುತ್ತೋದು ಎಂದು ಸಮಾಧಾನ ಹೇಳಿದಳು. ಆದರೆ ಗುರುಗಳು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದರು: ತಮ್ಮ ಕೈಯಿಂದ ಎಷ್ಟು ತರಗತಿಗಳು, ಎಷ್ಟು ಹುಡುಗಿಯರು, ಅವರ ಮಕ್ಕಳು, ಆ ಮಕ್ಕಳ ಕೈಯ ಕಡ್ಡಿಗಳು, ಮಾಗಡಿ ತಾಲ್ಲೂಕಿನಾದ್ಯಂತ, ಕುದೂರಿನವರೆಗೂ, ಸಾವಿರಾರು ಕುಣಿಕೆಗಳು ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತುಬಿಟ್ಟಿದ್ದವು.

ಮನೆಯಲ್ಲಿ ಗಿರಣಿಗೆ ಉಗ್ರಾಣದಲ್ಲಿ ಜಾಗವಾಯಿತು. ಬಾಗಿಲು ಮುಚ್ಚಿ, ಕಿಟಕಿ ಮುಚ್ಚಿ, ಕಾವೇರಮ್ಮನವರು ಹಿಡಿ ತಿರುಗಿಸಿದರು. ಹಿಡಿಯನ್ನು ಅಂಗೈಯಿಂದ ತಳ್ಳಿದರೆ ಸಾಕಾಗಿತ್ತು, ಬೆರಳಿಗೆ ನೋವಿರಲಿಲ್ಲ. ಆ ಸಂತೋಷದಲ್ಲಿ ಅವರು ಹದವನ್ನು ಮರೆತು ಗರಗರನೆ ತಿರುಗಿಸಿದರು. ಅವಸರಕ್ಕೆ ನಾಲ್ಕಾರು ಕೊಕ್ಕೆಗಳು ನೂಲನ್ನು ಕಚ್ಚದೆ ಸುಮ್ಮನೆ ತಲೆಬಾಗಿ ಎದ್ದವು. ಹೆಣಿಗೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಏಣಿಯಂಥ ಬಿರುಕು ಬಿತ್ತು. ಅದನ್ನು ಸರಿಪಡಿಸಲು ಹಿಂದಕ್ಕೆ ತಿರುಗಿಸಿದರು. ಎಲ್ಲ ಕುಣಿಕೆಗಳೂ ಒಟ್ಟಿಗೆ ಕೊಕ್ಕೆ ಬಿಟ್ಟು, ಇಡೀ ಹೆಣಿಗೆ ಹಾವಿನ ಪೊರೆಯಂತೆ ಅವರ ಮಡಿಲಿಗೆ ಕಳಚಿಬಿತ್ತು. ಎರಡನೆಯ ಸಲ ಭಾರ ಸಾಲದೆ ಹೆಣಿಗೆ ಮೇಲಕ್ಕೆ ಉಬ್ಬಿ ಗಂಟಾಯಿತು. ಆಗ ಅವರು ಮುಂಬಾಗಿಲಿನ ಹಿತ್ತಾಳೆಯ ಬೀಗವನ್ನು ಬಿಚ್ಚಿತಂದು ತುದಿಗೆ ಕಟ್ಟಿದರು. ಅದರಿಂದ ಹೆಣಿಗೆಗೆ ಉಪಕಾರವಾಯಿತು. ಬೀಗವಿಲ್ಲದ ಮನೆಯನ್ನು ಬಿಟ್ಟು ಹನುಮಂತಯ್ಯನವರು ಸಂಜೆಯ ತಿರುಗಾಟಕ್ಕೆ ಹೋಗುವುದು ತಪ್ಪಿತು.

ಯಂತ್ರ ಕೈಹಿಡಿದಂತೆಲ್ಲ ಮನೆಯಲ್ಲಿ ಸಣ್ಣಪುಟ್ಟ ಸಾಮಾನುಗಳು ಹೆಚ್ಚಿದವು. ತುಂಬ ಸಡಿಲವಾದ ಎರಡು ಟೋಪಿಗಳು ಹನುಮಂತಯ್ಯನವರ ಮಂಡಿಗಳಿಗೆ ಹೇಳಿ ಮಾಡಿಸಿದಂತೆ ಕುಳಿತವು. ಅವರು ಅವನ್ನು ತೆಗೆಯಲೊಪ್ಪಲಿಲ್ಲ. ತುಂಬ ಬಿಗಿಯಾದದ್ದು ಕನ್ನಡಕದ ಚೀಲವಾಯಿತು. ಬಿರುಕುಬಿಟ್ಟದ್ದು ಟಿ.ವಿ.ಯ ರಿಮೋಟಿಗೆ ಅಂಗಿಯಾಯಿತು. ಹನುಮಂತಯ್ಯನವರು ಊಟಕ್ಕೆ ಕುಳಿತಾಗಲೆಲ್ಲ, ಇವತ್ತು ಎಷ್ಟು ಸೇರು ಹಿಟ್ಟಾಯಿತು ಎಂದು ಗಂಭೀರವಾಗಿ ವಿಚಾರಿಸುತ್ತಿದ್ದರು. ಉತ್ತರವಾಗಿ ಅವರ ತಟ್ಟೆಗೆ ಮುದ್ದೆ ತುಸು ಜೋರಾಗಿ ಬೀಳುತ್ತಿತ್ತು.

ಗುಟ್ಟನ್ನು ಕಾಪಾಡುವ ಹೊಣೆಯೂ ಅವರ ಪಾಲಿಗೇ ಬಂತು. ಒಂದು ಬೆಳಗ್ಗೆ ನಾಗರಾಜು ಗೋಡೆಯಾಚೆ ನಿಂತು, ಏನ್ ಸ್ವಾಮಿ, ಒಳಗಡೆ ಕರ್ರ್ ಕರ್ರ್ ಅಂತೈತೆ ಎಂದು ಕೇಳಿದ. ಹನುಮಂತಯ್ಯನವರು ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಅಭ್ಯಾಸವಿಲ್ಲದವರು ಹೇಳುವಂತೆ, ಅಗತ್ಯಕ್ಕಿಂತ ರುಚಿಯಾದ ಸುಳ್ಳನ್ನು ಹೇಳಿದರು. ಕಾವೇರಮ್ಮ ಕಾಫಿಬೀಜ ತರಿಸಿ, ಹುರಿದು, ಕೈಗಿರಣಿಯಲ್ಲಿ ತಾನೇ ಬೀಸುತ್ತಿದ್ದಾಳೆ, ಅಂಗಡಿಯ ಪುಡಿ ಆಕೆಗೆ ಸೇರುವುದಿಲ್ಲ ಎಂದರು. ಮಧ್ಯಾಹ್ನಕ್ಕೇ ಪುಟ್ಟಗೌರಮ್ಮನ ಮನೆಯಿಂದ ಒಂದು ಸ್ಟೀಲಿನ ಡಬ್ಬಿ ಬಂತು, ಒಸಿ ಪುಡಿ ಕೊಡಿ ಎಂಬ ಮಾತಿನೊಂದಿಗೆ. ಹನುಮಂತಯ್ಯನವರು ಹಿಂಬಾಗಿಲಿನಿಂದ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಪೊಟ್ಟಣ ತಂದು, ಪುಡಿಯನ್ನು ಡಬ್ಬಿಗೆ ಸುರಿದು, ಪೊಟ್ಟಣವನ್ನು ಒಲೆಗೆ ಹಾಕಿ, ಡಬ್ಬಿಯನ್ನು ಕಳಿಸಿದರು. ಅದರ ಘಮಘಮಕ್ಕೆ ಪುಟ್ಟಗೌರಮ್ಮ ಮನಸೋತಳು. ಅಂಗಡಿಯ ಪುಡಿಗೆ ಈ ಗುಣವೆಲ್ಲಿ ಬರಬೇಕು ಎಂದು ಬೀದಿಯಲ್ಲೆಲ್ಲ ಹೇಳಿದಳು. ನಾಮಕರಣದ ದಿನ ನೆಂಟರಿಷ್ಟರಿಗೆಲ್ಲ ಇದೇ ಪುಡಿಯ ಕಾಫಿ ಎಂದು ತೀರ್ಮಾನಿಸಿ, ಈ ಸಲ ದೊಡ್ಡ ಡಬ್ಬಿ ಕಳಿಸಿದಳು.

ಹಳದಿಯ ಕುಲಾವಿ ಕಡೆಗೂ ಸಿದ್ಧವಾಯಿತು. ಒಂದು ಕುಣಿಕೆ ತಪ್ಪಿರಲಿಲ್ಲ, ಒಂದು ಸಾಲು ಓರೆಯಾಗಿರಲಿಲ್ಲ. ಕುಣಿಕೆಗಳೆಲ್ಲ ಡ್ರಿಲ್ಲಿಗೆ ನಿಂತ ಮಕ್ಕಳಂತೆ ಕಾಲು ನೆಟ್ಟಗೆ ಮಾಡಿಕೊಂಡು ನಿಂತಿದ್ದವು. ಕಿವಿಯ ಎಲೆಗಳನ್ನೂ ಅಂಚಿನ ಪಟ್ಟಿಯನ್ನೂ ಯಂತ್ರ ಮಾಡಲಾರದು. ಅಷ್ಟನ್ನು ಕಾವೇರಮ್ಮನವರು ಬೆಳಗಿನ ಬಿಸಿಲಿಗೆ ಬೆರಳು ಕಾಯಿಸಿಕೊಂಡು, ದಿನಕ್ಕಿಷ್ಟೆಂದು ಕಡ್ಡಿಯಲ್ಲೇ ಹೆಣೆದು ಮುಗಿಸಿದರು. ಸಾನಾ ತೋರಿಸಿದ ಹಾಗೆ ನೂಲನ್ನು ಸರಿಯಾದ ಕಡೆಯಿಂದ ಸುತ್ತಿ ನೋಡಬೇಕೆಂದು ಒಮ್ಮೆ ಪ್ರಯತ್ನಿಸಿದ್ದುಂಟು. ಕೈ ಒಪ್ಪಲಿಲ್ಲ, ಕಣ್ಣು ಬೇರೆಲ್ಲೋ ಹೋದ ಕೂಡಲೇ ಅದು ಎದುರು ಕಡೆಯಿಂದಲೇ ಸುತ್ತಿತು. ಬಿಡು, ಅಂಚನ್ನು ಯಾರು ನೋಡುತ್ತಾರೆ ಎಂದು ಅವರು ಸಮಾಧಾನಪಟ್ಟುಕೊಂಡರು. ಇಡೀ ಟೋಪಿಯನ್ನು ಮತ್ತೊಮ್ಮೆ ಅಂಗೈ ಮೇಲಿಟ್ಟು ನೋಡಿ, ಇಷ್ಟು ಚೆಂದದ ಕುಲಾವಿ ಬೀದಿಗೇ ಬಂದಿಲ್ಲ ಎಂದುಕೊಂಡರು. ತೊಂದರೆ ಇದ್ದದ್ದು ಅಲ್ಲೇ.

ನಾಮಕರಣದ ದಿನ ಪುಟ್ಟಗೌರಮ್ಮನ ನಡುಮನೆ ತುಂಬಿತ್ತು. ಅಮೀರುನ್ನೀಸಾಳೂ ಹಳೆಯ ಸಹಪಾಠಿಯ ಕರೆಗೆ ಓಗೊಟ್ಟು, ಕೂಸಿಗೆಂದು ಮರದ ಗಿಲಕಿ ತೆಗೆದುಕೊಂಡು ಬಂದಿದ್ದಳು. ಕಾವೇರಮ್ಮನವರು ಕುಲಾವಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ವಾಡಿಕೆಯಂತೆ ಅದು ಹೆಂಗಸರ ಕೈಯಿಂದ ಕೈಗೆ ಹೊರಟಿತು. ಸಾಮಾನ್ಯವಾಗಿ ಎಲ್ಲರೂ ಅದನ್ನು ಕೆನ್ನೆಗೊತ್ತಿಕೊಂಡು ಮುಂದಕ್ಕೆ ಕೊಡುವುದು ಪದ್ಧತಿ. ಈ ಸಲ ಅದು ನಿಂತು ನಿಂತು ಸಾಗಿತು. ಒಬ್ಬಳು ಕೆನ್ನೆಗೊತ್ತಿಕೊಂಡವಳು ಮತ್ತೆ ಕಣ್ಣ ಹತ್ತಿರ ಹಿಡಿದಳು. ಇನ್ನೊಬ್ಬಳು ಒಳಗಡೆಯನ್ನು ತಿರುವಿ ನೋಡಿದಳು. ಅಲ್ಲಿದ್ದವರೆಲ್ಲ ಗಿಣ್ಣಿಗೆ ಏಟು ತಿಂದು ಆ ಹೆಣಿಗೆಯನ್ನು ಕಲಿತವರು. ತಮ್ಮ ಟೀಚರಮ್ಮನ ತಪ್ಪು ಎಲ್ಲಿರಬೇಕೆಂಬುದು ಅವರಿಗೆ ಗೊತ್ತಿತ್ತು. ಅದು ತಪ್ಪೆಂಬುದು ಮಾತ್ರ ಗೊತ್ತಿರಲಿಲ್ಲ. ಕೊನೆಗೆ ಟೋಪಿ ಪುಟ್ಟಗೌರಮ್ಮನ ಕೈಗೆ ಬಂತು. ಅವಳು ಹೆಬ್ಬೆರಳನ್ನು ಅದರ ಮೇಲೆ ಆಚೆಯಿಂದೀಚೆಗೆ ಆಡಿಸಿ, ಮೆಲ್ಲಗೆ ಹೇಳಿದಳು:

"ಟೀಚರಮ್ಮ, ಇವು ಕೂತಿಲ್ಲವಲ್ಲ. ಎಲ್ಲಾ ನಿಂತವೆ."

ಕಾವೇರಮ್ಮನವರ ಕೈಗಳು ತಾವಾಗಿಯೇ ಸೆರಗಿನೊಳಗೆ ಸೇರಿಕೊಂಡವು. ಆ ಕ್ಷಣಕ್ಕೆ ನೆರವಿಗೆ ಬಂದವಳು ಅಮೀರುನ್ನೀಸಾ. ಗಿರಣಿ ಎಂಬ ಮಾತನ್ನು ನೆನಪಿಟ್ಟುಕೊಳ್ಳಲು ಎಲ್ಲ ಅಧಿಕಾರವೂ ಇದ್ದವಳು, ಕಣ್ಣು ಮಿಟುಕಿಸದೆ, ಈಗ ಎಲ್ಲ ಕಡೆ ಹೀಗೇ ಹೆಣೆಯುವುದು, ಟೀಚರಮ್ಮ ಈ ವಯಸ್ಸಿನಲ್ಲೂ ಹೊಸ ರೀತಿ ಕಲಿತಿದ್ದಾರೆ, ನಮ್ಮಿಂದಾಗುತ್ತದೆಯೇ ಎಂದು ಹೇಳಿ ಎಲ್ಲರನ್ನೂ ನೋಡಿದಳು. ಹೆಂಗಸರು ಓಹೋ ಎಂದು ತಲೆದೂಗಿದರು. ಕಾವೇರಮ್ಮನವರ ಉಸಿರು ಅರ್ಧ ಇಳಿಯಿತು. ಆದರೆ ಪುಟ್ಟಗೌರಮ್ಮನ ಮುಖ ತಿಳಿಯಾಗಲಿಲ್ಲ. ಅವಳಲ್ಲಿ ಕುಚೋದ್ಯವಿರಲಿಲ್ಲ, ಅವಳಿಗೆ ನಿಜಕ್ಕೂ ಕಳವಳವಾಗಿತ್ತು.

"ಹಂಗಾದ್ರೆ ನಮ್ಗೆ ಕಲ್ಸಿದ್ದು ತಪ್ಪಾ ಟೀಚರಮ್ಮ? ನಾನು ನನ್ನ ಮಗಳಿಗೂ ಅದನ್ನೇ ಕಲ್ಸಿವ್ನಿ."

ಅಲ್ಲಿದ್ದ ಮುಖಗಳೆಲ್ಲ ಅವರತ್ತ ತಿರುಗಿದವು. ತರಗತಿಯಲ್ಲಿ ಕಡ್ಡಿಯೆತ್ತಿದಾಗ ತಿರುಗುತ್ತಿದ್ದ ಅದೇ ಮುಖಗಳು. ಕೂದಲು ಮಾತ್ರ ನರೆತಿತ್ತು. ಹೌದು ಎಂದರೆ ಇವರೆಲ್ಲರ ಕೈಗೂ ತಾವೇ ತಪ್ಪು ತುಂಬಿದ ಹಾಗೆ. ಇಲ್ಲ ಎಂದರೆ ಈ ಟೋಪಿ ಯಾರದೆಂದು ಹೇಳಬೇಕು. ಒಂದು ಕಡೆ ಹೆಸರು, ಇನ್ನೊಂದು ಕಡೆಯೂ ಹೆಸರೇ. ಎರಡರಲ್ಲಿ ಯಾವುದು ತಮ್ಮದು ಎಂದು ಕಾವೇರಮ್ಮನವರು ಅರೆಗಳಿಗೆ ಯೋಚಿಸಿದರು. ಹಾಗೆ ಯೋಚಿಸುತ್ತ ಕುಲಾವಿಯನ್ನು ನೋಡಿದಾಗ, ಅಷ್ಟು ಹೊತ್ತೂ ಚೆಂದವಾಗಿ ಕಂಡದ್ದು ಇದ್ದಕ್ಕಿದ್ದಂತೆ ಸಪ್ಪೆಯಾಗಿ ಕಂಡಿತು. ಇಷ್ಟು ವಿಧೇಯವಾದ ವಸ್ತುವನ್ನು ತಾವು ಮಾಡಿದ್ದೆಂದು ಜನ ನಂಬುವುದೇ? ಅವರಿಗೆ ಸಿಟ್ಟೇ ಬಂತು.

"ಅದು ಗಿರಣಿದು," ಎಂದರು ನೆಟ್ಟಗೆ ಕುಳಿತು. "ಅಮೀರುನ್ನೀಸಾಳ ಗಿರಣಿ. ನನ್ನ ಬೆರಳು ಮಡಚಾಕಾಗಲ್ಲ, ಅದಕ್ಕೆ ತಂದೆ. ನನ್ನ ಕೈ ತಪ್ಪು ಮಾಡ್ತದೋ ಸರಿ ಮಾಡ್ತದೋ, ಇಷ್ಟು ಸಪ್ಪೆಯಾಗಿ ಯಾವತ್ತೂ ಹೆಣೆದಿಲ್ಲ. ಊರಾಚೆ ನಮ್ಮ ಹೆಣಿಗೇನ ಮಿಸ್ಟೇಕು ಅಂತಾರಂತೆ. ಅಂದ್ಕೊಳ್ಲಿ. ನೀವು ಕೈ ಬದಲಾಯಿಸಿದ್ರೆ ನೋಡಿ."

ಕೊನೆಯ ಮಾತಿಗೆ ಹಲವರ ಬೆರಳುಗಳು ಅರಿಯದೆಯೇ ಒಳಕ್ಕೆ ಮಡಚಿಕೊಂಡವು. ಯಾರೂ ಏನೂ ಹೇಳುವ ಮೊದಲು, ಬಾಗಿಲ ಬಳಿ ಕಾಫಿ ಕುಡಿಯುತ್ತ ನಿಂತಿದ್ದ ನಾಗರಾಜು ಲೋಟವನ್ನು ತುಟಿಯಿಂದ ಇಳಿಸಿದ. ಅವನ ತಲೆಯಲ್ಲಿ ಸಂಗತಿಗಳು ಒಂದೊಂದಾಗಿ ಜೋಡಣೆಯಾಗುತ್ತಿದ್ದುದು ಹೊರಗಿನಿಂದಲೇ ಕಾಣುತ್ತಿತ್ತು.

"ಒಳಗಡೆ ಕರ್ರ್ ಅಂತಿದ್ದಿದ್ದು ಅದಾದ್ರೆ, ಈ ಕಾಫಿಪುಡಿ ಯಾವುದು ಸ್ವಾಮಿ?"

ಎಲ್ಲರ ದೃಷ್ಟಿಯೂ ಕಾವೇರಮ್ಮನವರನ್ನು ಬಿಟ್ಟು ಹನುಮಂತಯ್ಯನವರ ಮೇಲೆ ನೆಟ್ಟಿತು. ಅವರು ಅಡ್ಡ ಹಿಡಿಯಲು ಪತ್ರಿಕೆಯೂ ಇಲ್ಲದೆ ತೊಲೆಗಳನ್ನು ಪರಿಶೀಲಿಸುತ್ತಿದ್ದರು. ಬಸ್‌ಸ್ಟ್ಯಾಂಡಿನ ಅಂಗಡಿಯದು ಎಂಬ ಮಾತು ಅವರ ಬಾಯಿಂದ ಹೊರಡುವಾಗ ಎಷ್ಟು ಸಣ್ಣದಾಗಿತ್ತೆಂದರೆ, ಅದನ್ನು ಮತ್ತೊಮ್ಮೆ ಹೇಳಿಸಬೇಕಾಯಿತು. ಎರಡನೆಯ ಸಲ ಹೇಳಿದಾಗ ನಡುಮನೆ ನಕ್ಕ ನಗುವಿಗೆ ಕೂಸು ಬೆಚ್ಚಿ ಅತ್ತಿತು. ಅಂಗಡಿಯ ಪುಡಿಗೆ ಈ ಗುಣವೆಲ್ಲಿ ಬರಬೇಕು ಎಂದು ಬೀದಿಗೆಲ್ಲ ಹೇಳಿದ್ದ ಪುಟ್ಟಗೌರಮ್ಮ ಎಲ್ಲರಿಗಿಂತ ಮೊದಲು ನಗಲು ಆರಂಭಿಸಿ, ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಿಸಿದಳು; ಅದೇ ಲೇಸೆಂದು ಅವಳಿಗೆ ತೋರಿರಬೇಕು.

ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಿದ್ದ ಸೌಮ್ಯ ಅಷ್ಟರಲ್ಲಿ ತಾಯಿಯ ಕೈಯಿಂದ ಕುಲಾವಿಯನ್ನು ಇಸಿದುಕೊಂಡು, ಅದರ ಕಿವಿಯೆಲೆಯ ಅಂಚನ್ನು ಬೆರಳಿನಿಂದ ಸವರಿ ಹಾಗೇ ನಿಂತಳು. ಮತ್ತೊಮ್ಮೆ ಸವರಿ, ಅಂಚನ್ನು ತಾಯಿಯ ಹೆಬ್ಬೆರಳಿನ ಕೆಳಗಿಟ್ಟಳು. ಪುಟ್ಟಗೌರಮ್ಮನ ಹೆಬ್ಬೆರಳಿಗೆ ಒಣಗಿದ ರಾಗಿ ತೆನೆ ಸಿಕ್ಕಿತು. ಅವಳು ಕಣ್ಣೊರೆಸಿಕೊಂಡಳು, ನಗುವಿನಿಂದ ಬಂದ ನೀರೆಂದೇ ಎಲ್ಲರೂ ತಿಳಿದರು.

"ಇಲ್ಲೇ ಅವ್ರೆ," ಎಂದಳು ಪಕ್ಕದವಳಿಗೆ ತೋರಿಸುತ್ತ. "ಇಲ್ಲಿ ಅಂಚಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತವ್ರೆ ನಮ್ಮ ಟೀಚರಮ್ಮ."

ಆಮೇಲೆ ಕುಲಾವಿ ಮತ್ತೊಂದು ಸುತ್ತು ಹೊರಟಿತು. ಈ ಸಲ ಯಾರೂ ನಡುವಿನ ಭಾಗವನ್ನು ಮುಟ್ಟಲಿಲ್ಲ. ಎಲ್ಲರೂ ಅಂಚನ್ನೇ ಕೆನ್ನೆಗೊತ್ತಿಕೊಂಡರು. ಕಾವೇರಮ್ಮನವರು ಕೂಸಿನ ತಲೆಗೆ ಅದನ್ನು ತೊಡಿಸಿದರು. ದಾರ ಕಟ್ಟಲು ಹೋದಾಗ ಬೆರಳು ಎರಡು ಸಲ ಜಾರಿತು. ಅಮೀರುನ್ನೀಸಾ ಪಕ್ಕದಲ್ಲಿ ಕುಳಿತು ಗಂಟು ಹಾಕಿದಳು. ಕೂಸು ಆಕಳಿಸಿ ತೊಟ್ಟಿಲೇರಿತು. ಮಾಗಡಿಯ ಗಾಳಿ ಅಂದು ಬೇರೆ ಬೀದಿಗೆ ಹೋಗಬೇಕಾಯಿತು.

ಸಂಜೆ ಬಸ್ಸಿಗೆ ಹೊರಟ ಅಮೀರುನ್ನೀಸಾ ಕಾವೇರಮ್ಮನವರ ಜಗುಲಿಯ ಮುಂದೆ ನಿಂತು, ಯಂತ್ರವನ್ನು ಈಗಲೇ ಒಯ್ಯಲೇ ಎಂದು ಸಂಕೋಚದಿಂದ ಕೇಳಿದಳು. ಹನುಮಂತಯ್ಯನವರು ಮಂಡಿಯ ಟೋಪಿಗಳನ್ನು ಎಳೆದುಕೊಳ್ಳುತ್ತ, ನಮ್ಮ ಮನೆಯ ರಾಗಿ ಇನ್ನೂ ಮುಗಿದಿಲ್ಲ ಎಂದರು. ಅವರ ಹೆಂಡತಿ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ.

"ಬೀದಿ ಕೊನೇ ಮನೇಲಿ ಒಬ್ಬಳು ಬಸುರಿ ಅವಳೆ," ಎಂದರು ಶಿಷ್ಯೆಗೆ. "ನಡುವಿಂದು ಗಿರಣಿ ಬೀಸ್ಲಿ, ಅಂಚು ನಾನು ನೋಡ್ಕೋತೀನಿ."

"ಅಲ್ಲಿ ನಮ್ಮ ಬೊಂಬೆಗಳು ಬರೀ ತಲೇಲಿ ಕೂತವೆ ಟೀಚರಮ್ಮ."

"ಬೊಂಬೆ ಕಿವಿಗೆ ಗಾಳಿ ಹೋಗಕಿಲ್ಲ ಕಣಮ್ಮ. ಒಸಿ ಕಾಯ್ಲಿ."